ವೆಲ್ಡಿಂಗ್ ತುಂಬ ತೂತು, ಬೀಳುವ ಎಂಸಿಬಿ: ಮನೆಯ ಮಿಗ್ ಮೆಷಿನ್ ಸರಿಯಾಗಿ ಕೂರಿಸುವುದು ಹೇಗೆ?

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ರಾಡ್ ವೆಲ್ಡಿಂಗ್ ಸ್ವಲ್ಪ ಗೊತ್ತು. ಈಚೆಗೆ 200 ಆಂಪ್‌ನ ಸಿಂಗಲ್ ಫೇಸ್ ಮಿಗ್ ಮೆಷಿನ್ (ರಾಡ್ ಬದಲು ಸುರುಳಿಯಿಂದ ವೈರ್ ತಾನೇ ಬರುವ ವೆಲ್ಡಿಂಗ್ ಮೆಷಿನ್) ತಂದೆ. ಜೊತೆಗೆ ಬಂದ ಗ್ಯಾಸ್‌ಲೆಸ್ ವೈರ್ ಮುಗಿಯುವವರೆಗೂ ಪರವಾಗಿರಲಿಲ್ಲ. ಆಮೇಲೆ ಮೈಸೂರಿನಿಂದ ಸಿಓಟು (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್, ತಾಮ್ರದ ಬಣ್ಣದ 0.8 ಎಂಎಂ ವೈರ್ ತಂದು ಹಾಕಿದೆ. ಈಗ ಬರೀ ಕಿಡಿ, ವೆಲ್ಡಿಂಗ್ ತುಂಬ ತೂತು. ಮನೆಯಿಂದ ಶೆಡ್ಡಿಗೆ ಎಕ್ಸ್‌ಟೆನ್ಷನ್ ಎಳೆದಿದ್ದೇನೆ, ಎಂಸಿಬಿ (ಲೋಡ್ ಜಾಸ್ತಿಯಾದರೆ ಕರೆಂಟ್ ಕಡಿಯುವ ಸ್ವಿಚ್) ಆಗಾಗ ಬೀಳುತ್ತದೆ. ಕೊಟ್ಟಿಗೆಗೆ ಜಿಐ (ಸತು ಲೇಪದ ಕಬ್ಬಿಣ) ಪೈಪಿನ ಫ್ರೇಮ್, ಮನೆಗೊಂದು ಗೇಟ್, ಆಮೇಲೆ ಟ್ರ್ಯಾಕ್ಟರ್ ಟ್ರೈಲರ್ ರಿಪೇರಿ ಮಾಡಿಕೊಳ್ಳಬೇಕು ಅಂತ ಆಸೆ. ಪಕ್ಕದಲ್ಲೇ ಹುಲ್ಲಿನ ಮೆದೆ ಇದೆ ಅಂತ ಅಪ್ಪ ಬೈತಾರೆ. ಎಲ್ಲಿಂದ ಸರಿ ಮಾಡಲಿ ಸಾರ್?

ಉತ್ತರ: ಮೊದಲು ಪ್ಲಗ್ ಕಿತ್ತು, ವೈರ್ ಸುರುಳಿ ಕೂರುವ ಕಡೆಯ ಮುಚ್ಚಳ ತೆಗೆದು ನೋಡಿ. ಪ್ಲಸ್, ಮೈನಸ್ ಗುರುತಿನ ಎರಡು ಟರ್ಮಿನಲ್ ಅಲ್ಲೇ ಇರುತ್ತವೆ, ಇಲ್ಲದಿದ್ದರೆ ಮುಂಭಾಗದಲ್ಲಿ ಇರುತ್ತವೆ. ಗ್ಯಾಸ್‌ಲೆಸ್ ವೈರಿಗೆ ಟಾರ್ಚ್ (ವೈರ್ ಹೊರಬರುವ ಹಿಡಿ) ಮೈನಸ್‌ಗೆ, ಕಬ್ಬಿಣಕ್ಕೆ ಕಚ್ಚಿಸುವ ಕ್ಲ್ಯಾಂಪ್ ಪ್ಲಸ್‌ಗೆ ಹೋಗಬೇಕು. ಗ್ಯಾಸ್ ಹಾಕಿ ಸಾಲಿಡ್ ವೈರ್ ಓಡಿಸುವಾಗ ಇದು ತಿರುಗುಮುರುಗು: ಟಾರ್ಚ್ ಪ್ಲಸ್‌ಗೆ, ಕ್ಲ್ಯಾಂಪ್ ಮೈನಸ್‌ಗೆ. ನೀವು ವೈರ್ ಬದಲಾಯಿಸಿದಿರಿ, ಇದನ್ನು ಬದಲಾಯಿಸಿರಲಿಕ್ಕಿಲ್ಲ. ಹಾಗಾದಾಗ ಆರ್ಕ್ (ವೈರ್ ತುದಿಯಲ್ಲಿ ಹೊತ್ತುವ ವಿದ್ಯುತ್ ಜ್ವಾಲೆ) ಒಂದೇ ಸಮ ನಿಲ್ಲುವುದಿಲ್ಲ, ಕಿಡಿ ಜಾಸ್ತಿ, ಮೆಟಲ್ ಮೇಲೆ ಗುಪ್ಪೆಯಾಗಿ ಕೂರುತ್ತದೆ, ಒಳಗೆ ಇಳಿಯುವುದಿಲ್ಲ.

ಅಲ್ಲೇ ವೈರ್ ಎಳೆಯುವ ರೋಲರ್ ಕೂಡ ನೋಡಿ. ಗ್ಯಾಸ್‌ಲೆಸ್ ವೈರ್ ಒಳಗೆ ಪುಡಿ ತುಂಬಿದ ಕೊಳವೆ, ಮೆತ್ತಗಿರುತ್ತದೆ. ಅದಕ್ಕೆ ಸಣ್ಣ ಹಲ್ಲುಗಳಿರುವ ರೋಲರ್. ಸಾಲಿಡ್ ವೈರಿಗೆ ವಿ ಆಕಾರದ ನುಣುಪು ತೋಡು ಇರುವ ರೋಲರ್ ಬೇಕು, ಅದರ ಮೇಲೆ 0.8 ಅಂತ ಬರೆದಿರಬೇಕು. ಹಲ್ಲಿನ ರೋಲರಿನಲ್ಲೇ ಓಡಿಸಿದರೆ ತಾಮ್ರದ ಲೇಪ ಕೆರೆದು, ಪುಡಿಯೆಲ್ಲ ಟಾರ್ಚ್ ಕೇಬಲ್ಲಿನ ಲೈನರ್ (ವೈರ್ ಸಾಗುವ ಕೊಳವೆ) ಒಳಗೆ ಸೇರಿಕೊಳ್ಳುತ್ತದೆ. ಸ್ವಲ್ಪ ದಿನಕ್ಕೆ ವೈರ್ ತಡೆದು ತಡೆದು ಬರತೊಡಗುತ್ತದೆ, ಜನ ಮೆಷಿನ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಟಾರ್ಚಿನ ತುದಿಯ ಟಿಪ್ ಕೂಡ 0.8ರದ್ದೇ ಇರಲಿ.

ರೋಲರ್ ಬಿಗಿ ಎಷ್ಟಿರಬೇಕು ಅಂದರೆ, ವೈರನ್ನು ಒಂದು ಮರದ ತುಂಡಿಗೆ ಓರೆಯಾಗಿ ಬಿಟ್ಟಾಗ ಅದು ಸುರುಳಿ ಸುತ್ತಿಕೊಂಡು ಬರಬೇಕು. ರೋಲರ್ ಜಾರಿದರೆ ಒಂಚೂರು ಬಿಗಿ ಮಾಡಿ. ಕಣ್ಮುಚ್ಚಿ ಬಿಗಿ ಮಾಡಿದರೆ ತುದಿಯಲ್ಲಿ ವೈರ್ ಸಿಕ್ಕಿಕೊಂಡಾಗ ಒಳಗೆ ಗಂಟಾಗುತ್ತದೆ, ಆ ಗಂಟು ಬಿಡಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ. ಈ ಪರೀಕ್ಷೆ ಮಾಡುವಾಗ ಟಾರ್ಚ್ ತುದಿಯನ್ನು ಕೈಗಾಗಲಿ ಮುಖಕ್ಕಾಗಲಿ ಹಿಡಿಯಬೇಡಿ. ವೈರ್ ಸೂಜಿಗಿಂತ ಚೂಪು, ಚರ್ಮದೊಳಗೆ ಹೋಗಿಬಿಡುತ್ತದೆ.

ತೂತುಗಳ ವಿಷಯ. ಇದಕ್ಕೆ ಕಾರಣ ಗಾಳಿ, ಗಲೀಜು, ಗ್ಯಾಸ್, ಈ ಮೂರರಲ್ಲಿ ಒಂದು. ಕರಗಿದ ಕಬ್ಬಿಣದ ಹತ್ತಿರ ಹೊರಗಿನ ಗಾಳಿ ಸುಳಿಯದ ಹಾಗೆ ಸಿಓಟು ಸುತ್ತ ನಿಂತಿರಬೇಕು, ಅಷ್ಟೇ ಅದರ ಕೆಲಸ. ಆಷಾಢದ ಗಾಳಿಯಲ್ಲಿ ತೆರೆದ ಶೆಡ್ಡಿನಲ್ಲಿ ಕೂತು ಹೊಡೆದರೆ ಎಷ್ಟು ಗ್ಯಾಸ್ ಬಿಟ್ಟರೂ ನಿಲ್ಲುವುದಿಲ್ಲ. ಗಾಳಿ ಬರುವ ಕಡೆ ಹಳೇ ತಗಡಿನ ಶೀಟ್ ನಿಲ್ಲಿಸಿ. ಟಾರ್ಪಲ್ ಬೇಡ, ಕಿಡಿಗೆ ಹತ್ತಿಕೊಳ್ಳುತ್ತದೆ. ಫ್ಯಾನ್ ನೇರವಾಗಿ ವೆಲ್ಡಿಂಗ್ ಮೇಲೆ ಬೀಸಬಾರದು.

ಫ್ಲೋ ನಿಮಿಷಕ್ಕೆ 8ರಿಂದ 12 ಲೀಟರ್ ಸಾಕು. ತೂತು ಬೀಳುತ್ತಿದೆ ಅಂತ 20, 25ಕ್ಕೆ ಏರಿಸುವವರಿದ್ದಾರೆ. ಅಷ್ಟು ಜೋರಾಗಿ ಬಿಟ್ಟರೆ ಗ್ಯಾಸ್ ನಾಝಲ್ ಬಾಯಲ್ಲಿ ಸುಳಿ ಸುತ್ತಿ ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ, ತೂತು ಇನ್ನೂ ಜಾಸ್ತಿಯಾಗುತ್ತದೆ. ನಾಝಲ್ ಒಳಗೆ ಅಂಟಿದ ಸ್ಪ್ಯಾಟರ್ (ಸಿಡಿದ ಲೋಹದ ಹನಿ) ಆಗಾಗ ಬಿಡಿಸಿ. ಪೈಪಿನ ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಿ.

ಗಲೀಜು ಅಂದೆನಲ್ಲ, ರಾಡ್ ಅಭ್ಯಾಸ ಇರುವವರು ಇಲ್ಲೇ ಎಡವುತ್ತಾರೆ. ರಾಡಿನ ಮೇಲಿನ ಲೇಪ ಸ್ವಲ್ಪ ತುಕ್ಕು, ಸ್ವಲ್ಪ ಪೇಂಟ್ ಇದ್ದರೂ ಸ್ಲ್ಯಾಗ್ (ಮೇಲೆ ತೇಲುವ ಕಿಟ್ಟ) ಮಾಡಿ ಮೇಲಕ್ಕೆ ತಂದುಬಿಡುತ್ತದೆ. ಸಾಲಿಡ್ ವೈರಿಗೆ ಆ ತಾಕತ್ತು ಇಲ್ಲ. ವೆಲ್ಡಿಂಗ್ ಬೀಳುವ ಜಾಗ, ಅದರ ಅಕ್ಕಪಕ್ಕ ಒಂದು ಇಂಚು, ಗ್ರೈಂಡರಿನಲ್ಲಿ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ. ಕ್ಲ್ಯಾಂಪ್ ಕಚ್ಚುವ ಜಾಗವೂ ಹಾಗೇ ಇರಲಿ. ಪೇಂಟ್ ಮೇಲೆ ಕ್ಲ್ಯಾಂಪ್ ಹಾಕಿ ಆರ್ಕ್ ನಿಲ್ಲುತ್ತಿಲ್ಲ ಅಂದರೆ ಮೆಷಿನ್ ಏನು ಮಾಡೀತು? ಒಂದು ಎಚ್ಚರಿಕೆ: ಬ್ರೇಕ್ ಕ್ಲೀನರ್ ಥರದ ಸ್ಪ್ರೇಗಳಲ್ಲಿ ಜಿಡ್ಡು ಒರೆಸಬೇಡಿ. ಅವುಗಳಲ್ಲಿ ಕೆಲವಕ್ಕೆ ಕ್ಲೋರಿನ್ ಸೇರಿಸಿರುತ್ತಾರೆ, ಆರ್ಕ್ ತಾಗಿದಾಗ ಫಾಸ್ಜೀನ್ ಅನ್ನುವ ವಿಷದ ಗ್ಯಾಸ್ ಹುಟ್ಟುತ್ತದೆ.

ಇನ್ನು ಸಿಲಿಂಡರ್. ಸಿಓಟು ಸಿಲಿಂಡರಿನೊಳಗೆ ದ್ರವವಾಗಿ ಇರುತ್ತದೆ. ದ್ರವ ಇರುವವರೆಗೂ ಗೇಜಿನ ಮುಳ್ಳು ಹೆಚ್ಚುಕಮ್ಮಿ ಒಂದೇ ಕಡೆ ನಿಂತಿರುತ್ತದೆ, ಮುಗಿಯುವ ಹೊತ್ತಿಗೆ ಸರ್ರನೆ ಬೀಳುತ್ತದೆ. ಹಾಗಾಗಿ ಎಷ್ಟು ಉಳಿದಿದೆ ಅಂತ ತಿಳಿಯಲು ತೂಕ ಹಾಕಬೇಕು. ಖಾಲಿ ಸಿಲಿಂಡರಿನ ತೂಕ ಕತ್ತಿನ ಹತ್ತಿರ ಕೊರೆದಿರುತ್ತದೆ, ಅದನ್ನು ಕಳೆದರೆ ಆಯಿತು. 1 ಕೆಜಿ ಸಿಓಟು ಹೊರಗೆ ಬಂದರೆ ಸುಮಾರು 540 ಲೀಟರ್ ಗ್ಯಾಸ್. ನಿಮಿಷಕ್ಕೆ 10 ಲೀಟರ್ ಲೆಕ್ಕದಲ್ಲಿ ಸುಮಾರು 54 ನಿಮಿಷ ಬರುತ್ತದೆ. ಟ್ರಿಗರ್ ಒತ್ತಿದ ಹೊತ್ತು ಮಾತ್ರ ಲೆಕ್ಕ, ಆದ್ದರಿಂದ 5 ಕೆಜಿ ಸಿಲಿಂಡರಿನಲ್ಲಿ ಗೇಟಿನ ಕೆಲಸ ಆರಾಮಾಗಿ ಮುಗಿಯುತ್ತದೆ.

ಸಿಲಿಂಡರ್ ಯಾವಾಗಲೂ ನಿಂತಿರಲಿ, ಸರಪಳಿಯಲ್ಲಿ ಕಂಬಕ್ಕೆ ಕಟ್ಟಿರಲಿ. ಮಲಗಿಸಿ ಬಳಸಿದರೆ ದ್ರವ ನೇರವಾಗಿ ರೆಗ್ಯುಲೇಟರಿಗೆ ಬರುತ್ತದೆ. ಬಿಸಿಲಲ್ಲಿ ಬಿಡಬೇಡಿ: 20 ಡಿಗ್ರಿಯಲ್ಲಿ ಒಳಗಿನ ಒತ್ತಡ ಸುಮಾರು 57 ಬಾರ್, 30 ಡಿಗ್ರಿಗೆ ಅದು 72ಕ್ಕೆ ಏರುತ್ತದೆ, ಅಲ್ಲಿಂದ ಮುಂದೆ ಇನ್ನೂ ಬೇಗ ಏರುತ್ತದೆ. ಏಪ್ರಿಲ್‌ನಲ್ಲಿ ಮಂಡ್ಯದ ಬಿಸಿಲು ಗೊತ್ತಲ್ಲ. ಮೈಸೂರಿಂದ ತರುವಾಗ ಕಾರಿನೊಳಗೆ ಕಿಟಕಿ ಹಾಕಿಕೊಂಡು ತರಬೇಡಿ. ಸಿಓಟುಗೆ ವಾಸನೆ ಇಲ್ಲ, ಗಾಳಿಗಿಂತ ಭಾರ, ಸೋರಿದರೆ ತಳದಲ್ಲೇ ತುಂಬಿಕೊಂಡು ಉಸಿರು ಕಟ್ಟಿಸುತ್ತದೆ. ಶೆಡ್ಡಿನಲ್ಲೂ ಅಷ್ಟೇ, ಬಾಗಿಲು ಮುಚ್ಚಿ ಕೆಲಸ ಮಾಡಬೇಡಿ.

ಎಂಸಿಬಿ ಬೀಳುವುದಕ್ಕೆ ಬರೋಣ. ಮೆಷಿನ್ ಮೇಲೆ 200 ಆಂಪ್ ಅಂತ ಬರೆದಿರುವುದು ವೆಲ್ಡಿಂಗ್ ಕರೆಂಟು, ಗೋಡೆಯಿಂದ ಎಳೆಯುವ ಕರೆಂಟಲ್ಲ. 100 ಆಂಪ್‌ನಲ್ಲಿ ಹೊಡೆಯುವಾಗ ಇಂಥ ಇನ್ವರ್ಟರ್ ಮೆಷಿನ್ ಲೈನಿನಿಂದ ಸುಮಾರು 14 ಆಂಪ್ ಎಳೆಯುತ್ತದೆ. 16 ಆಂಪ್ ಸಾಕೆಟ್ಟಿನಲ್ಲಿ ಅಲ್ಲಿಯವರೆಗೆ ಹೇಗೋ ನಡೆಯುತ್ತದೆ. 150 ದಾಟಿಸಿದರೆ ನಡೆಯುವುದಿಲ್ಲ, ಎಂಸಿಬಿ ಬಿದ್ದೇ ಬೀಳುತ್ತದೆ. ಬೀಳುತ್ತಿರುವುದು ಒಳ್ಳೆಯದೇ. ಅದರ ಬದಲು ದೊಡ್ಡದೊಂದು ತಂದು ಹಾಕಿ ಗೋಡೆಯೊಳಗಿನ ಹಳೇ ವೈರ್ ಸುಡುವುದು ಬೇಡ.

ಎಕ್ಸ್‌ಟೆನ್ಷನ್ ಎಷ್ಟು ಉದ್ದ, ಎಷ್ಟು ದಪ್ಪ ಅಂತ ನೀವು ಬರೆದಿಲ್ಲ. ಸಾಮಾನ್ಯವಾಗಿ ಸಿಗುವುದು 1.5 ಚದರ ಎಂಎಂ. ಅದನ್ನು 30 ಮೀಟರ್ ಎಳೆದಿದ್ದೀರಿ ಅಂತಿಟ್ಟುಕೊಳ್ಳಿ. ಹೋಗಿ ಬರುವ ದಾರಿ ಸೇರಿ 60 ಮೀಟರ್ ತಾಮ್ರ. 15 ಆಂಪ್ ಹರಿದಾಗ ಅದರಲ್ಲೇ 11 ವೋಲ್ಟ್ ಹೋಗುತ್ತದೆ, ಸುಮಾರು 160 ವ್ಯಾಟ್ ಸುಮ್ನೆ ಬಿಸಿಯಾಗಿ ಹೋಗುತ್ತದೆ. ವೈರ್ ಬಿಚ್ಚಿ ಹರವಿದ್ದರೆ ಆ ಬಿಸಿ ಆರಿಹೋಗುತ್ತದೆ. ಸುರುಳಿಯಲ್ಲೇ ಬಿಟ್ಟರೆ ಇನ್ಸುಲೇಷನ್ ಕರಗುತ್ತದೆ. ಸಂಜೆ ಹೊತ್ತು ಊರಲ್ಲಿ ವೋಲ್ಟೇಜ್ ಇಳಿದಿದ್ದರಂತೂ ಮೆಷಿನ್ ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತದೆ, ಆರ್ಕ್ ಕುಂಟುತ್ತದೆ. ಊರಲ್ಲಿ ಹಗಲು ಹೊತ್ತು ವೋಲ್ಟೇಜ್ ಚೆನ್ನಾಗಿದ್ದರೆ ಆಗಲೇ ಕೆಲಸ ಮುಗಿಸಿಕೊಳ್ಳಿ.

ಶಾಶ್ವತವಾಗಿ ಸರಿ ಮಾಡುವುದಾದರೆ ಮೇನ್ ಬೋರ್ಡಿನಿಂದ ಶೆಡ್ಡಿಗೆ 4 ಚದರ ಎಂಎಂ ತಾಮ್ರದ ಪ್ರತ್ಯೇಕ ಲೈನ್, ಅದಕ್ಕೆ 25 ಆಂಪ್ ಸಿ ಟೈಪ್ ಎಂಸಿಬಿ, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್), ನೀಲಿ ಬಣ್ಣದ ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಮಾಡಲಿ. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ನೋಡಿ, ಕಮ್ಮಿ ಇದ್ದರೆ ಚೆಸ್ಕಾಂ (ವಿದ್ಯುತ್ ಕಂಪನಿ) ಸೆಕ್ಷನ್ ಆಫೀಸಿನಲ್ಲಿ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ. ಪಂಪ್‌ಸೆಟ್ ಲೈನಿಗೆ ಕೈ ಹಾಕಬೇಡಿ.

ಅರ್ಥಿಂಗ್ ಬಗ್ಗೆ ಒಂದು ಮಾತು. ಕಬ್ಬಿಣಕ್ಕೆ ಕಚ್ಚಿಸುವ ಕ್ಲ್ಯಾಂಪನ್ನೂ ನಾವು ಅರ್ಥ್ ಅಂತಲೇ ಕರೆಯುತ್ತೇವೆ, ಆದರೆ ಅದು ನಿಮ್ಮನ್ನು ಕಾಯುವುದಿಲ್ಲ. ಕಾಯುವುದು ಮೆಷಿನ್ ಬಾಡಿಯಿಂದ ಮೂರನೇ ಪಿನ್ ಮೂಲಕ ನೆಲದ ಅರ್ಥ್ ಗುಂಡಿಗೆ ಹೋಗುವ ವೈರ್. ಹಳ್ಳಿ ಮನೆಗಳಲ್ಲಿ ಆ ಪಿನ್ ಎಷ್ಟೋ ಸಲ ಎಲ್ಲಿಗೂ ಸೇರಿರುವುದಿಲ್ಲ. ಪರೀಕ್ಷೆ ಮಾಡಿಸಿ. ಕೊಟ್ಟಿಗೆಯಲ್ಲಿ ಕೆಲಸ ಮಾಡುವಾಗ ನೆಲ ಒದ್ದೆ, ಸಗಣಿ, ಗಂಜಲ ಇರುತ್ತೆ. ದನಗಳನ್ನು ಹೊರಗೆ ಕಟ್ಟಿ. ಅವು ಬರಿಗಾಲಿನ ಪ್ರಾಣಿಗಳು, ನಮಗೆ ಗೊತ್ತೇ ಆಗದಷ್ಟು ಸಣ್ಣ ವೋಲ್ಟೇಜಿಗೂ ಬೆಚ್ಚುತ್ತವೆ. ನೀವು ಒಣ ಹಲಗೆಯ ಮೇಲೆ ನಿಲ್ಲಿ.

ಈಗ ಸೆಟ್ಟಿಂಗ್. ದಪ್ಪದ ಒಂದೊಂದು ಎಂಎಂಗೆ ಸುಮಾರು 40 ಆಂಪ್ ಅನ್ನುವುದು ಶುರು ಮಾಡಲು ಒಳ್ಳೆ ಲೆಕ್ಕ. 2 ಎಂಎಂ ಸ್ಕ್ವೇರ್ ಪೈಪಿಗೆ 80 ಆಂಪ್, ವೈರ್ ನಿಮಿಷಕ್ಕೆ 4 ಮೀಟರ್, 17ರಿಂದ 18 ವೋಲ್ಟ್. 3 ಎಂಎಂ ಆಂಗಲ್ಲಿಗೆ 120 ಆಂಪ್, ವೈರ್ 6 ಮೀಟರ್, ವೋಲ್ಟ್ ಒಂದೆರಡು ಮೇಲೆ. ಮಿಗ್‌ನಲ್ಲಿ ವೈರ್ ಸ್ಪೀಡೇ ಆಂಪ್. ಅದನ್ನು ಏರಿಸಿದರೆ ಕರೆಂಟ್ ತಾನೇ ಏರುತ್ತದೆ. ವೋಲ್ಟ್ ಆರ್ಕಿನ ಅಗಲವನ್ನು ನೋಡಿಕೊಳ್ಳುತ್ತದೆ. ವೈರ್ ಟಾರ್ಚನ್ನು ಹಿಂದಕ್ಕೆ ನೂಕುತ್ತಿದ್ದರೆ ವೋಲ್ಟ್ ಕಮ್ಮಿ, ವೈರ್ ತುದಿ ದೊಡ್ಡ ಗೋಲಿಯಾಗಿ ಟಿಪ್ಪಿಗೆ ಅಂಟುತ್ತಿದ್ದರೆ ವೋಲ್ಟ್ ಜಾಸ್ತಿ. ಎರಡೂ ಕೂಡಿದಾಗ ಕಾದ ಎಣ್ಣೆಗೆ ಬಜ್ಜಿ ಬಿಟ್ಟಾಗಿನ ಹಾಗೆ ಒಂದೇ ಸಮ ಸದ್ದು ಬರುತ್ತದೆ. ಕಿವಿಯನ್ನು ನಂಬಿ, ಡಿಸ್‌ಪ್ಲೇಗಿಂತ ಬೇಗ ಅದೇ ಹೇಳುತ್ತದೆ.

ಟಿಪ್ಪಿನಿಂದ ಕಬ್ಬಿಣಕ್ಕೆ 10ರಿಂದ 12 ಎಂಎಂ ದೂರ. ರಾಡ್ ಹಿಡಿದ ಕೈ ಇನ್ನೂ ದೂರ ಹಿಡಿಯುತ್ತದೆ, ಅದನ್ನು ತಿದ್ದಿಕೊಳ್ಳಿ. ರಾಡನ್ನು ನಮ್ಮ ಕಡೆಗೆ ಎಳೆಯುತ್ತೇವಲ್ಲ, ಇಲ್ಲಿ ತೆಳು ಪೈಪಿಗೆ ಟಾರ್ಚನ್ನು 10, 15 ಡಿಗ್ರಿ ವಾಲಿಸಿ ಮುಂದಕ್ಕೆ ತಳ್ಳಿಕೊಂಡು ಹೋಗಿ. ಗೇಟಿಗೆ ನಾಲ್ಕೂ ಮೂಲೆ ಟ್ಯಾಕ್ (ಹಿಡಿದು ನಿಲ್ಲಿಸುವ ಚುಕ್ಕೆ ವೆಲ್ಡಿಂಗ್) ಹಾಕಿ, ಮೂಲೆಯಿಂದ ಮೂಲೆಗೆ ಅಳತೆ ನೋಡಿ, ಆಮೇಲೆ ಎದುರುಬದುರು ಮೂಲೆಗಳನ್ನು ಒಂದೊಂದಾಗಿ ತುಂಬಿ. ಒಂದೇ ಕಡೆಯಿಂದ ಸಾಲಾಗಿ ಹೊಡೆದರೆ ಗೇಟ್ ಸೊಟ್ಟಗಾಗುತ್ತದೆ.

ಇಷ್ಟೆಲ್ಲ ಸರಿಯಾದ ಮೇಲೆ ನಿಮ್ಮ ವೆಲ್ಡಿಂಗ್ ಚೆಂದ ಕಾಣತೊಡಗುತ್ತದೆ. ನನಗೆ ಚಿಂತೆ ಶುರುವಾಗುವುದು ಆಗಲೇ. ರಾಡ್ ವೆಲ್ಡಿಂಗ್ ಕೆಟ್ಟಿದ್ದರೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಮಿಗ್ ಹಾಗಲ್ಲ. ಕರೆಂಟ್ ಕಮ್ಮಿ ಇದ್ದರೂ ವೈರ್ ಬರುತ್ತಲೇ ಇರುತ್ತದೆ, ಕರಗಿ ಮೇಲೆ ಸಾಲಾಗಿ ಕೂರುತ್ತದೆ, ಕೆಳಗಿನ ಕಬ್ಬಿಣ ಕರಗಿರುವುದೇ ಇಲ್ಲ. ಮೇಲ್ನೋಟಕ್ಕೆ ಫಸ್ಟ್ ಕ್ಲಾಸ್. ಒಂದು ಏಟು ಕೊಟ್ಟರೆ ಪೂರ್ತಿ ಎದ್ದು ಬರುತ್ತದೆ.

ಪರೀಕ್ಷೆ ಸುಲಭ. 3 ಎಂಎಂ ಫ್ಲಾಟಿನ ಎರಡು ತುಂಡು ತೆಗೆದುಕೊಂಡು ಒಂದರ ಮೇಲೊಂದು ನೆಟ್ಟಗೆ ನಿಲ್ಲಿಸಿ, ಒಂದೇ ಕಡೆ ವೆಲ್ಡಿಂಗ್ ಮಾಡಿ. ತಣ್ಣಗಾದ ಮೇಲೆ ವೈಸಿಗೆ ಕಚ್ಚಿಸಿ, ನಿಂತ ತುಂಡನ್ನು ವೆಲ್ಡಿಂಗ್ ಇರುವ ಕಡೆಗೆ ಬಗ್ಗುವ ಹಾಗೆ ಹಿಂದಿನಿಂದ ಸುತ್ತಿಗೆಯಲ್ಲಿ ಹೊಡೆಯಿರಿ. ಕಬ್ಬಿಣ ಬಗ್ಗಿಯೂ ವೆಲ್ಡಿಂಗ್ ಬಿಡದಿದ್ದರೆ ಸರಿ. ಬಿಟ್ಟುಕೊಂಡರೆ ಮುರಿದ ಜಾಗ ನೋಡಿ. ಗ್ರೈಂಡಿಂಗ್ ಗೆರೆಗಳು ಹಾಗೇ ಕಾಣುತ್ತಿದ್ದರೆ ಅಲ್ಲಿ ಏನೂ ಹಿಡಿದೇ ಇಲ್ಲ ಅಂತ ಅರ್ಥ. ಕೊಟ್ಟಿಗೆ ಫ್ರೇಮಿಗೆ ಕೈ ಹಾಕುವ ಮೊದಲು ಇಂಥ ತುಂಡುಗಳನ್ನು ಒಂದು ಬುಟ್ಟಿ ತುಂಬ ಮುರಿದುಹಾಕಿ. 1 ಕೆಜಿ ವೈರ್ ಅಂದರೆ ಸುಮಾರು 250 ಮೀಟರ್, ಕಲಿಯಲು ಅಷ್ಟು ಖರ್ಚಾದರೆ ನಷ್ಟವೇನಿಲ್ಲ.

ಕಣ್ಣಿಗೆ ಆಟೋ ಡಾರ್ಕ್ ಹೆಲ್ಮೆಟ್ಟೇ ತಗೊಳ್ಳಿ. 80 ಆಂಪ್ ಹತ್ತಿರ ಶೇಡ್ (ಗಾಜು ಎಷ್ಟು ಕಪ್ಪಾಗಬೇಕು ಅನ್ನುವ ನಂಬರ್) 10, 100 ದಾಟಿದರೆ 11. ಒಂದೆರಡು ಟ್ಯಾಕ್ ತಾನೇ ಅಂತ ಕಣ್ಣು ಮುಚ್ಚಿ ಹೊಡೆಯುವ ಚಾಳಿ ನಮ್ಮಲ್ಲಿ ತುಂಬಾ ಇದೆ. ಆರ್ಕ್ ತಾಗಿದ್ದು ಆಗ ಗೊತ್ತಾಗುವುದಿಲ್ಲ, ಆರು ಗಂಟೆಯೋ ಹನ್ನೆರಡು ಗಂಟೆಯೋ ಕಳೆದು ರಾತ್ರಿ ಕಣ್ಣೊಳಗೆ ಮರಳು ಸಿಕ್ಕಂತೆ ಚುಚ್ಚಿ ನೀರು ಸುರಿಯುತ್ತದೆ. ಆಲೂಗಡ್ಡೆ ಬಿಲ್ಲೆ, ಎದೆಹಾಲು ಅಂತ ಏನನ್ನೂ ಕಣ್ಣಿಗೆ ಹಾಕಬೇಡಿ. ಉಜ್ಜಬೇಡಿ, ಕತ್ತಲೆಯಲ್ಲಿ ಇರಿ, ಕಣ್ಣಿನ ಡಾಕ್ಟರಿಗೆ ತೋರಿಸಿ. ಮಂಡ್ಯದ ಮಿಮ್ಸ್ ಆಗಲಿ ಮೈಸೂರಿನ ಕೆ.ಆರ್. ಆಸ್ಪತ್ರೆಯಾಗಲಿ ದೂರವೇನಲ್ಲ. ಮಕ್ಕಳು ಬೆಳಕು ನೋಡಲು ಬಂದೇ ಬರುತ್ತಾರೆ, ಅವರಿಗೆ ಕಾಣದ ಹಾಗೆ ತಗಡಿನ ಮರೆ ಇರಲಿ.

ಲುಂಗಿ, ಹವಾಯಿ ಚಪ್ಪಲಿ, ಪಾಲಿಯೆಸ್ಟರ್ ಟೀ ಶರ್ಟ್ ಬೇಡ. ದಪ್ಪ ಹತ್ತಿ ಬಟ್ಟೆ, ತುಂಬು ತೋಳು, ಚರ್ಮದ ಗ್ಲೌಸ್, ಚರ್ಮದ ಶೂ. ಪ್ಯಾಂಟ್ ಶೂ ಮೇಲೆ ಬೀಳಲಿ, ಒಳಗೆ ತುರುಕಿದರೆ ಕಿಡಿ ಅಲ್ಲೇ ಇಳಿಯುತ್ತದೆ. ಗ್ರೈಂಡರಿನ ಗಾರ್ಡ್ ಬಿಚ್ಚಿ ಇಟ್ಟಿದ್ದರೆ ವಾಪಸ್ ಹಾಕಿ.

ಜಿಐ ಪೈಪಿಗೆ ನನ್ನ ಸಲಹೆ ನೇರವಾಗಿದೆ: ಫ್ರೇಮನ್ನು ಎಂಎಸ್ (ಸತು ಲೇಪ ಇಲ್ಲದ ಮೈಲ್ಡ್ ಸ್ಟೀಲ್) ಪೈಪಿನಲ್ಲಿ ಮಾಡಿ, ರೆಡ್ ಆಕ್ಸೈಡ್ ಹೊಡೆದು ಪೇಂಟ್ ಮಾಡಿ. ಜಿಐ ಮೇಲಿನ ಸತು ಆರ್ಕ್ ಬಿಸಿಗೆ ಬಿಳಿ ಹೊಗೆಯಾಗುತ್ತದೆ. ಅದನ್ನು ಕುಡಿದವರಿಗೆ ಅವತ್ತು ರಾತ್ರಿಯೇ ಚಳಿಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಉಸಿರಾಟಕ್ಕೆ ಕಷ್ಟವಾದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಬೇಕು. ಬೆಲ್ಲ ತಿಂದರೆ, ಹಾಲು ಕುಡಿದರೆ ಹೊಗೆ ಹೋಗುತ್ತದೆ ಅನ್ನುವ ಮಾತಿದೆ. ನಮ್ಮ ಮಂಡ್ಯದ ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಹೊಗೆ ಹೋಗಿರುವುದು ಶ್ವಾಸಕೋಶಕ್ಕೆ. ಮೊದಲೇ ತಂದುಬಿಟ್ಟಿದ್ದೀರಾ, ಜಿಐಯೇ ಬಳಸಬೇಕಾ? ಹಾಗಾದರೆ ಜಾಯಿಂಟಿನ ಎರಡೂ ಕಡೆ ಎರಡು ಇಂಚು ಸತು ಉಜ್ಜಿ ತೆಗೆಯಿರಿ. ಬಯಲಲ್ಲಿ, ಹೊಗೆ ಮುಖದ ಕಡೆ ಬರದ ಹಾಗೆ ಕೂತು, ಲೋಹದ ಹೊಗೆ ತಡೆಯುವ ಮಾಸ್ಕ್ ಹಾಕಿ ಮಾಡಿ. ಬಟ್ಟೆ ಮಾಸ್ಕ್ ಲೆಕ್ಕಕ್ಕಿಲ್ಲ.

ಮೆದೆ ವಿಷಯದಲ್ಲಿ ಅಪ್ಪ ಹೇಳಿದ್ದೇ ಸರಿ. ಕಿಡಿ 10 ಮೀಟರ್ ದಾಟಿ ಹೋಗಬಲ್ಲದು, ನೆಲದ ಮೇಲೆ ಉರುಳಿಕೊಂಡೂ ಹೋಗುತ್ತದೆ. ಒಣ ಹುಲ್ಲಿಗೆ ಬಿದ್ದ ಕಿಡಿ ಕೂಡಲೇ ಹತ್ತಿಕೊಳ್ಳುವುದಿಲ್ಲ. ಒಳಗೇ ಕೆಂಡವಾಗಿದ್ದು, ನೀವು ಊಟಕ್ಕೆ ಕೂತಾಗ ಎದ್ದು ಉರಿಯುತ್ತದೆ. ಮೆಷಿನ್ನನ್ನೇ ಬೇರೆ ಕಡೆ ಒಯ್ಯಿರಿ. ಕಬ್ಬಿನ ತರಗು, ಗೋಣಿಚೀಲ, ಡೀಸೆಲ್ ಕ್ಯಾನ್ ಯಾವುದೂ ಸುತ್ತ ಇರಬಾರದು. ಎರಡು ಬಕೆಟ್ ನೀರು, ಒಂದು ಬಕೆಟ್ ಮರಳು ಇಟ್ಟುಕೊಳ್ಳಿ. ನೀರು ಹುಲ್ಲಿಗೆ, ಮೆಷಿನ್ನಿಗಲ್ಲ. ಕೆಲಸ ಮುಗಿದ ಮೇಲೆ ಒಂದು ಗಂಟೆ ಆ ಜಾಗದ ಮೇಲೆ ಕಣ್ಣಿರಲಿ.

ಕೊನೆಗೆ ಟ್ರೈಲರ್. ಪಕ್ಕದ ತಗಡು, ಹಿಂಬಾಗಿಲ ಕೊಂಡಿ, ಕಟ್ಟುವ ಕೊಕ್ಕೆ, ಇವನ್ನು ನೀವೇ ಮಾಡಿಕೊಳ್ಳಬಹುದು. ಟ್ರ್ಯಾಕ್ಟರಿಗೆ ಸೇರಿಸಿದ್ದರೆ ಬಿಚ್ಚಿಬಿಡಿ, ಆಗದಿದ್ದರೆ ಬ್ಯಾಟರಿ ಕೇಬಲ್ ಕಳಚಿ. ಕ್ಲ್ಯಾಂಪನ್ನು ವೆಲ್ಡಿಂಗ್ ಮಾಡುವ ತುಂಡಿಗೇ, ಆದಷ್ಟು ಹತ್ತಿರಕ್ಕೆ ಕಚ್ಚಿಸಿ. ದೂರದ ಚಾಸಿಗೆ ಹಾಕಿದರೆ ಕರೆಂಟ್ ಚಕ್ರದ ಬೇರಿಂಗ್ ಮೂಲಕ ಹರಿದು ಅದನ್ನು ಹಾಳು ಮಾಡಬಹುದು. ಟೈರ್ ಇರುವ ರಿಮ್ಮಿಗೆ ಯಾವ ಕಾರಣಕ್ಕೂ ವೆಲ್ಡಿಂಗ್ ಬೇಡ, ಗಾಳಿ ತೆಗೆದಿದ್ದರೂ ಬೇಡ. ಬಿಸಿಗೆ ಟೈರಿನೊಳಗಿನ ರಬ್ಬರ್ ಗ್ಯಾಸ್ ಬಿಟ್ಟು ಸಿಡಿಯುತ್ತದೆ, ಜನ ಸತ್ತಿದ್ದಾರೆ. ಡೀಸೆಲ್ ಟ್ಯಾಂಕ್, ಹಳೇ ಡ್ರಮ್ ಕೂಡ ಅದೇ ಸಾಲಿಗೆ, ಎಷ್ಟು ತೊಳೆದಿದ್ದರೂ ಬೇಡ.

ಡ್ರಾಬಾರ್ (ಟ್ರೈಲರನ್ನು ಟ್ರ್ಯಾಕ್ಟರಿಗೆ ಸೇರಿಸುವ ತೊಲೆ), ಕೊಂಡಿ ಕೂರುವ ಕಣ್ಣು, ಆಕ್ಸಲ್ ಹಿಡಿದಿರುವ ಜಾಗ, ಇವನ್ನು ಮುಟ್ಟಬೇಡಿ. ಅಲ್ಲಿ 10, 12 ಎಂಎಂ ದಪ್ಪದ ಪ್ಲೇಟ್ ಇರುತ್ತದೆ. ನಿಮ್ಮ ಮೆಷಿನ್, ನಿಮ್ಮ ಮನೆಯ ಲೈನ್ ಸೇರಿ ಅಷ್ಟು ದಪ್ಪಕ್ಕೆ ಒಂದೇ ಸಲಕ್ಕೆ ಇಳಿಯುವ ಬಿಸಿ ಕೊಡುವುದಿಲ್ಲ. ಮೇಲೆ ಚೆಂದ ಕೂತಿರುತ್ತದೆ, ಕಬ್ಬು ತುಂಬಿ ಫ್ಯಾಕ್ಟರಿ ರಸ್ತೆಯ ಉಬ್ಬು ಹತ್ತಿಸುವಾಗ ಕಿತ್ತು ಬರುತ್ತದೆ, ಹಿಂದೆ ಬೈಕಿನಲ್ಲಿ ಯಾರೋ ಬರುತ್ತಿರುತ್ತಾರೆ. ಅಷ್ಟನ್ನು ಮಾತ್ರ ಟ್ರೈಲರ್ ಕಟ್ಟುವ ವರ್ಕ್‌ಶಾಪಿಗೆ ಕೊಡಿ. ನಿಜವಾಗಿಯೂ ಕಲಿಯುವ ಆಸಕ್ತಿ ಇದ್ದರೆ ಐಟಿಐನಲ್ಲಿ ವೆಲ್ಡರ್ ಟ್ರೇಡ್ ಒಂದು ವರ್ಷದ್ದು. ಪ್ಲಸ್ ಮೈನಸ್ ಬದಲಾಯಿಸಿ, ಮುರಿದ ತುಂಡುಗಳ ಫೋಟೋ ಕಳಿಸಿ. ವೆಲ್ಡಿಂಗ್ ಮೇಲಿಂದ ತೆಗೆದದ್ದು ಬೇಡ, ಮುರಿದ ಜಾಗದ್ದು ಕಳಿಸಿ.